ತೊಳೆದ ಮಂಡಿ, ತೊಳೆದ ಹಲ್ಲು

ಮಂಡಿ ಸವೆದು ನೋಯ್ತಿದ್ರೆ ಒಳಗಿನ ಕಸ ತೊಳೆದು ನಯ ಮಾಡಿಬಿಟ್ಟರೆ ಆಯ್ತು. ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ, ಕೆರೆ ಹೂಳೆತ್ತಿದ ಹಾಗೆ! ಎರಡು ಮೂರು ಸಣ್ಣ ತೂತು, ಒಂದು ಕ್ಯಾಮೆರಾ, ಬೇಗ ಮನೆಗೆ. ಆರ್ತ್ರೋಸ್ಕೋಪಿ ಅನ್ನೋ ಈ ಕೀಹೋಲ್ ಸರ್ಜರಿಯಿಂದ ಗುಣವಾಯ್ತು ಅಂತ ಹೇಳೋ ರೋಗಿಗಳೂ ಬೇಕಾದಷ್ಟು ಜನ ಇದ್ದರು. ಆದರೆ ಗುಣ ಮಾಡಿದ್ದು ತೊಳೆದದ್ದೇನಾ?

ಈ ಪ್ರಶ್ನೆಗೆ ನಿಜವಾದ ಪರೀಕ್ಷೆ ಇಟ್ಟವರು ಹ್ಯೂಸ್ಟನ್‌ನ ಸರ್ಜನ್ ಬ್ರೂಸ್ ಮೋಸ್ಲಿ ಮತ್ತು ಸಂಗಡಿಗರು. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ 180 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿನವರ ಮಂಡಿಯನ್ನು ಒಳಗೆ ಕೆರೆದು ತೊಳೆದರು, ಇನ್ನೊಂದಕ್ಕೆ ತೊಳೆದದ್ದಷ್ಟೇ. ಮೂರನೆಯವರಿಗೆ ಮಂಪರಿನ ಔಷಧಿ ಕೊಟ್ಟು, ಮೂರು ಕಡೆ ಒಂದೊಂದು ಸೆಂಟಿಮೀಟರ್ ಚರ್ಮ ಕೊಯ್ದು, ಹೊಲಿದು ಕಳಿಸಿದರು. ಸರ್ಜನ್ನಿಗೂ ಥಿಯೇಟರಿನಲ್ಲಿ ಲಕೋಟೆ ಒಡೆದಾಗಲೇ ಯಾವ ಗುಂಪು ಅಂತ ಗೊತ್ತಾಗ್ತಿದ್ದದ್ದು. ನಾಟಕದ ಸರದಿ ಬಂದರೆ ಅವರು ಉಪಕರಣ ಕೇಳಿ ಇಸಿದುಕೊಳ್ಳುತ್ತಿದ್ದರು, ಕಾಲು ಮಡಚಿ ಬಿಡಿಸುತ್ತಿದ್ದರು, ನೀರು ಚೆಲ್ಲೋ ಸದ್ದನ್ನೂ ಮಾಡಿಸುತ್ತಿದ್ದರು. ಎರಡು ವರ್ಷ ನೋಡಿದರು. ಯಾವ ಹಂತದಲ್ಲೂ ನಿಜವಾದ ಆಪರೇಷನ್ ನಾಟಕವನ್ನು ಹಿಂದೆ ಹಾಕಲಿಲ್ಲ. 2002ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಇದನ್ನು ಅಚ್ಚು ಹಾಕಿತು.

ನಮ್ಮ ಕಸುಬಿನವರಿಗೆ ಇದು ಹೊಸದೇನಲ್ಲ. ಸರ್ವರ್ ಮೇಲೆ ಲೋಡ್ ನೆತ್ತಿಗೇರಿದಾಗ ಯಾರೋ ರೀಸ್ಟಾರ್ಟ್ ಮಾಡ್ತಾರೆ, ಗ್ರಾಫ್ ಇಳಿಯುತ್ತೆ, ಅವರಿಗೆ ಶಭಾಷ್‌ಗಿರಿ. ಸುಮ್ಮನಿದ್ದಿದ್ದರೂ ಇಳೀತಿತ್ತೋ ಏನೋ, ಯಾರೂ ನೋಡಲಿಲ್ಲ. ಜನ ಡಾಕ್ಟರ ಹತ್ತಿರ ಓಡೋದೂ ನೋವು ತಾರಕಕ್ಕೇರಿದ ದಿನವೇ ಅಲ್ವಾ?

ಹಾಗಂತ ಈ ಅಧ್ಯಯನದಲ್ಲಿ ಹುಳುಕಿಲ್ಲ ಅಂತಲ್ಲ. ಸರ್ಜನ್ ಒಬ್ಬರೇ, ರೋಗಿಗಳು ಬಹುಪಾಲು ಗಂಡಸರು, ಮುಖ್ಯವಾಗಿ ನೆಚ್ಚಿಕೊಂಡ ನೋವಿನ ಅಳತೆಗೋಲು ಇವರೇ ಮಾಡಿಕೊಂಡದ್ದು. ಅರ್ಹರಿದ್ದ 324 ಜನರಲ್ಲಿ 144 ಮಂದಿ 'ಬೇಡಪ್ಪಾ' ಅಂದಿದ್ದರು. ಆಕ್ಷೇಪಗಳು ನ್ಯಾಯವಾದವೇ. ಆದರೆ 2013ರಲ್ಲಿ ಫಿನ್ಲೆಂಡಿನವರು ಐದು ಆಸ್ಪತ್ರೆಗಳಲ್ಲಿ 146 ಜನರ ಮೇಲೆ ಇಂಥದ್ದೇ ನಾಟಕ ಹೂಡಿದರು. ಈ ಸಲ ವಯಸ್ಸಿಗೆ ಹರಿದ ಮೆನಿಸ್ಕಸ್. ವರ್ಷದ ನಂತರ ಅಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 2017ರಲ್ಲಿ 'ಬಿಎಂಜೆ' ಪತ್ರಿಕೆಯ ತಜ್ಞರ ತಂಡ, ಸವೆತದ ಮಂಡಿನೋವಿಗೆ ಹೆಚ್ಚುಕಮ್ಮಿ ಯಾರಿಗೂ ಈ ಸರ್ಜರಿ ಬೇಡ ಅಂತ ಖಡಾಖಂಡಿತವಾಗಿ ಹೇಳಿತು.

ಮಂಡಿ ಬದಲಾಯಿಸೋ ಆಪರೇಷನ್ನನ್ನು ಇದರ ಜತೆ ಕಲಸಬೇಡಿ. 2015ರ ಡೆನ್ಮಾರ್ಕಿನ ಅಧ್ಯಯನದಲ್ಲಿ, ಬರೀ ವ್ಯಾಯಾಮ-ಮಾತ್ರೆಯ ಗುಂಪಿಗಿಂತ ಮಂಡಿ ಬದಲಾಯಿಸಿಕೊಂಡವರು ಹೆಚ್ಚು ಸುಧಾರಿಸಿದರು, ಗಂಭೀರ ತೊಂದರೆಗಳೂ ಅವರಿಗೇ ಹೆಚ್ಚು. ಊರಲ್ಲಿ ನಾಟಿ, ಕಳೆ ಅಂತ ಕುಕ್ಕರುಗಾಲಲ್ಲಿ ಆಯಸ್ಸು ಕಳೆದ ಅಪ್ಪ ಅಮ್ಮ ನಮ್ಮ ಕಂಪನಿಯ ಇನ್ಶೂರೆನ್ಸ್ ಕಾರ್ಡಿನಲ್ಲಿದ್ದಾರೆ. 'ಕ್ಯಾಷ್‌ಲೆಸ್ ಆಗುತ್ತೆ, ಒಂದ್ಸಲ ಕ್ಲೀನ್ ಮಾಡಿಸಿಬಿಡೋಣ' ಅಂತ ಯಾರಾದರೂ ಅಂದರೆ ಏನನ್ನು ಕ್ಲೀನ್ ಮಾಡ್ತಾರೆ ಅಂತ ಕೇಳೋ ಜವಾಬ್ದಾರಿ ನಮ್ಮದೇ. ಅವರು ಕೇಳಲ್ಲ. 'ಡಾಕ್ಟ್ರು ಹೇಳಿದ್ಮೇಲೆ ಮುಗೀತು ಬಿಡಪ್ಪಾ' ಅಂತಾರೆ.

ತಮಾಷೆ ಅಂದರೆ, ಮಂಡಿ ತೊಳೆಸಿಕೊಳ್ಳೋಕೆ ಹಿಂಜರಿಯದ ಇದೇ ಜನ ರೂಟ್ ಕೆನಾಲ್ ಅಂದರೆ ನಡುಗ್ತಾರೆ. ಮೇಲಿನ ಹಲ್ಲು ಮುಟ್ಟಿದರೆ ಕಣ್ಣು ಹೋಗುತ್ತಂತೆ! ನಗಬೇಡಿ, ಸೂಟುಬೂಟಿನವರ ಭಯವೂ ಇದಕ್ಕಿಂತ ಮೇಲಲ್ಲ. ಅಮೆರಿಕದ ದಂತವೈದ್ಯ ವೆಸ್ಟನ್ ಪ್ರೈಸ್, ಕಿತ್ತ ಹಲ್ಲುಗಳನ್ನು ಮೊಲಗಳ ಚರ್ಮದಡಿ ಹುದುಗಿಸಿ, ಅವು ಕಾಯಿಲೆ ಬಿದ್ದದ್ದು ನೋಡಿ, 1923ರಲ್ಲಿ ದಪ್ಪ ದಪ್ಪ ಸಂಪುಟಗಳನ್ನೇ ಬರೆದ. ಹೋಲಿಕೆಗೆ ಸರಿಯಾದ ಗುಂಪಿಲ್ಲ, ರೋಗಾಣುಗಳ ಪ್ರಮಾಣ ವಿಪರೀತ. ಆದರೂ ಅದೇ ಭಯ 'ರೂಟ್ ಕಾಸ್' ಅನ್ನೋ ಸಾಕ್ಷ್ಯಚಿತ್ರವಾಗಿ ನೆಟ್‌ಫ್ಲಿಕ್ಸಿಗೂ ಬಂತು. ಟೀಕೆ ಜೋರಾದ ಮೇಲೆ 2019ರಲ್ಲಿ ತೆಗೆದುಹಾಕಿದರು.

ಇಲ್ಲಿ ತೊಳೆಯೋ ಮಾತಿಗೆ ಆಧಾರವಿದೆ. 1965ರಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಹಲ್ಲು ಕೊರೆದು ಒಳಗಿನ ಮೆತ್ತನೆಯ ತಿರುಳನ್ನು ತೆರೆದೇ ಬಿಟ್ಟರು. ಮಾಮೂಲಿ ಇಲಿಗಳಲ್ಲಿ ತಿರುಳು ಸತ್ತು ಕೀವಾಯ್ತು. ರೋಗಾಣುಗಳೇ ಇಲ್ಲದ ಪರಿಸರದಲ್ಲಿ ಬೆಳೆಸಿದ್ದ ಇಲಿಗಳಲ್ಲಿ, ಬಾಯಿಗೆ ಅದೇ ತೂತಿದ್ದರೂ, ತಿರುಳು ತಾನೇ ಮೇಲೊಂದು ಗಟ್ಟಿ ಮುಚ್ಚಳ ಕಟ್ಟಿಕೊಂಡಿತು. ಹುಳುಕು ಹಲ್ಲಿನೊಳಗೆ ತೊಳೆಯಬೇಕಾದ ಕಸ ನಿಜಕ್ಕೂ ಇದೆ, ಆ ಕಸಕ್ಕೆ ರೋಗಾಣು ಅಂತ ಹೆಸರೂ ಇದೆ. ಮಂಡಿಯ ವಿಷಯದಲ್ಲಿ ಇಷ್ಟು ಖಚಿತವಾಗಿ ಕಳ್ಳನನ್ನು ಯಾರೂ ಹಿಡಿದು ತೋರಿಸಲಿಲ್ಲ.

ಹಲ್ಲಿನವರನ್ನೂ ಪ್ರಶ್ನೆ ಕೇಳದೆ ಬಿಡಬೇಕಿಲ್ಲ. ಒಂದೇ ಸಿಟ್ಟಿಂಗಿನಲ್ಲಿ ಮುಗಿಸಿದ ರೂಟ್ ಕೆನಾಲ್‌ಗೂ ಹಲವು ಸಿಟ್ಟಿಂಗ್ ಎಳೆದದ್ದಕ್ಕೂ ಗುಣವಾಗುವ ಲೆಕ್ಕದಲ್ಲಿ ಎದ್ದುಕಾಣುವ ವ್ಯತ್ಯಾಸ ಕಾಕ್ರೇನ್ ಸಮೀಕ್ಷೆಗಳಿಗೆ ಸಿಕ್ಕಿಲ್ಲ. ನಾಲ್ಕನೇ ಸಲ ರಜೆ ಹಾಕಿ ಹೋಗಿ ಅಂದಾಗ 'ಯಾಕೆ ಡಾಕ್ಟ್ರೇ?' ಅಂತ ಕೇಳಿ. ಕೀವು, ವಕ್ರ ಬೇರು, ಹೀಗೆ ಕಾರಣ ಇದ್ದರೆ ಅವರೇ ಎಕ್ಸ್‌ರೇ ಹಿಡಿದು ತೋರಿಸ್ತಾರೆ.