ಅಭ್ಯಾಸಪಾಠವೂ ಗಡಿಸೀಮೆಯ ತರಗತಿಯೂ

೨೦೧೪ರ ರಾಷ್ಟ್ರೀಯ ನಿಯಮಾವಳಿಯು ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಕ್ಕೇರಿಸಿ, ಶಾಲಾಭ್ಯಾಸಕ್ಕೆ ೨೦ ವಾರಗಳನ್ನು ವಿಧಿಸಿತು. ಕಾಲವೇನೋ ಹೆಚ್ಚಿತು, ಪಾಠವನ್ನು ಅಳೆಯುವ ಕ್ರಮವು ಅದಕ್ಕೆ ತಕ್ಕಂತೆ ಬೆಳೆದಿದೆಯೇ ಎಂಬುದು ವಿಚಾರಾರ್ಹ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು. ಅಲ್ಲಿಯ ಪ್ರೌಢಶಾಲೆಯಲ್ಲಿ, ಮಾಲೂರು ಸೀಮೆಯವರೇ ಆದ ಮಾಸ್ತಿಯವರ ಕಥೆಯೊಂದನ್ನು ಬೋಧಿಸುವ ಶಿಕ್ಷಣಾರ್ಥಿಗೆ ಪೀಠಿಕೆಯ ಪ್ರಶ್ನೆ, ಕರಿಹಲಗೆಯ ಬರಹ, ಗಂಟೆಗೆ ಸರಿಯಾದ ಮುಕ್ತಾಯ ಇವುಗಳಿಂದಲೇ ಅಂಕ ದೊರೆಯುವಂತಿದ್ದರೆ, ಕಥೆಯು ಮಕ್ಕಳಿಗೆ ಮುಟ್ಟಿತೇ ಎಂಬ ಪ್ರಶ್ನೆಯೇ ಏಳದು. ‘ಅರ್ಥವಾಯಿತೇ?’ ಎಂದರೆ ತರಗತಿಯು ಒಕ್ಕೊರಲಿನಿಂದ ಹೌದೆನ್ನುವುದು. (ಇದು ಉಪಾಧ್ಯಾಯರೆಲ್ಲರೂ ಬಲ್ಲ ವಿಷಯ.) ಕನ್ನಡದಲ್ಲಿ ಕಲ್ಲೆಂದರೆ ಶಿಲೆ, ತೆಲುಗಿನಲ್ಲಿ ಸೇಂದಿ. ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗನು ಏಕೆ ನಕ್ಕನೆಂದು ಕೇಳಿ ತಿಳಿದುಕೊಂಡ ಶಿಕ್ಷಣಾರ್ಥಿಗಾಗಿಯೂ ಪರಿಶೀಲನಾಪತ್ರದಲ್ಲಿ ಒಂದು ಅಂಕಣವಿರಬೇಕು.