ಒಂದೇ ಸಾಮಗ್ರಿ, ಎರಡು ಮಹಾಪ್ರಬಂಧ: ಶ್ರೀನಿವಾಸರ ಕೊಡಗಿನ ಅಧ್ಯಯನವನ್ನು ಕುರಿತು

ಮಾನವಶಾಸ್ತ್ರದ ಸ್ನಾತಕೋತ್ತರ ಶಿಕ್ಷಣವು ಸಂಶೋಧಕನಿಗೆ ಏನನ್ನು ಕೊಡುತ್ತದೆ, ಅವನಿಂದ ಏನನ್ನು ಬಿಡಿಸುತ್ತದೆ ಎಂಬ ಪ್ರಶ್ನೆಯನ್ನು ತಾತ್ತ್ವಿಕವಾಗಿ ಚರ್ಚಿಸುವುದಕ್ಕಿಂತ ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಹೆಚ್ಚು ಪ್ರಯೋಜನಕರವೆಂದು ನಾವು ಭಾವಿಸುತ್ತೇವೆ. ಅಂಥ ನಿದರ್ಶನ ಎಂ. ಎನ್. ಶ್ರೀನಿವಾಸರ (1916–1999) ಕೊಡಗಿನ ಅಧ್ಯಯನದಲ್ಲಿ ದೊರೆಯುತ್ತದೆ. ಒಂದೇ ಸಮುದಾಯವನ್ನು ಕುರಿತು ಸಂಗ್ರಹಿಸಿದ ಸಾಮಗ್ರಿಯ ಆಧಾರದ ಮೇಲೆ ಅವರು ಎರಡು ವಿಶ್ವವಿದ್ಯಾಲಯಗಳಿಗೆ ಎರಡು ಮಹಾಪ್ರಬಂಧಗಳನ್ನು ಸಲ್ಲಿಸಿದರು. ಮೊದಲನೆಯದು 1944ರಲ್ಲಿ ಮುಂಬಯಿಗೆ, ಜಿ. ಎಸ್. ಘುರ್ಯೆಯವರ ಮಾರ್ಗದರ್ಶನದಲ್ಲಿ, ಎರಡನೆಯದು 1947ರಲ್ಲಿ ಆಕ್ಸ್‌ಫರ್ಡಿಗೆ, ಮೊದಲು ರ್‍ಯಾಡ್‌ಕ್ಲಿಫ್-ಬ್ರೌನ್, ಅವರ ನಿವೃತ್ತಿಯ ನಂತರ ಇವಾನ್ಸ್-ಪ್ರಿಚರ್ಡ್ ಅವರ ಮಾರ್ಗದರ್ಶನದಲ್ಲಿ. ಎರಡನೆಯದೇ 1952ರಲ್ಲಿ ‘ರಿಲಿಜನ್ ಅಂಡ್ ಸೊಸೈಟಿ ಅಮಂಗ್ ದಿ ಕೂರ್ಗ್ಸ್ ಆಫ್ ಸೌತ್ ಇಂಡಿಯಾ’ ಎಂಬ ಗ್ರಂಥವಾಗಿ ಹೊರಬಂದಿತು.

ಮುಂಬಯಿಯ ಪ್ರಬಂಧ ಅಚ್ಚಿನ ಮನೆಯನ್ನು ಕಾಣಲಿಲ್ಲ. ಅದರ ಸ್ವರೂಪವನ್ನು ಶ್ರೀನಿವಾಸರೇ ಮುಂದೆ ತಮ್ಮ ಬೌದ್ಧಿಕ ಪಯಣವನ್ನು ಕುರಿತು ಬರೆದ ಲೇಖನಗಳಿಂದ ತಿಳಿಯಬೇಕಾಗಿದೆ. ಎರಡು ಸಂಪುಟಗಳ ಆ ಬರಹದಲ್ಲಿ ಜನಾಂಗ ವಿವರಣೆ ಹೇರಳವಾಗಿತ್ತು, ಅದನ್ನು ಕಟ್ಟಿ ಹಿಡಿಯುವ ಸಿದ್ಧಾಂತವಿರಲಿಲ್ಲ ಎಂಬ ಅತೃಪ್ತಿ ಲೇಖಕರಿಗಿತ್ತು. ಘುರ್ಯೆಯವರು ಕೇಂಬ್ರಿಜ್‌ನಲ್ಲಿ ರಿವರ್ಸ್ ಮತ್ತು ಹ್ಯಾಡನ್ ಅವರಲ್ಲಿ ಪಳಗಿದವರು, ಸಂಸ್ಕೃತಜ್ಞರು. ಅವರ ವಿಭಾಗದಲ್ಲಿ ವಿದ್ಯಾರ್ಥಿಯ ಮೊದಲ ಕರ್ತವ್ಯವೆಂದರೆ ಸಂಗ್ರಹ: ಆಚರಣೆ, ಹಾಡು, ಗಾದೆ, ಬಂಧುತ್ವ ಪದಗಳು, ಎಲ್ಲವೂ. ಶ್ರೀನಿವಾಸರು ಆ ವರ್ಷಗಳಲ್ಲಿ ತಮಿಳು ಮತ್ತು ತೆಲುಗು ಜನಪದ ಗೀತೆಗಳನ್ನು ಕುರಿತು ಮುಂಬಯಿ ವಿಶ್ವವಿದ್ಯಾಲಯದ ನಿಯತಕಾಲಿಕದಲ್ಲಿ ಬರೆದದ್ದೂ ಈ ಶಿಸ್ತಿನ ಫಲವೇ. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಈ ಸಂಗತಿ ಮುಖ್ಯವಾದುದು. ಸಮಾಜಶಾಸ್ತ್ರಜ್ಞರು ಇದನ್ನು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳುತ್ತಾರೆ.

ಆಕ್ಸ್‌ಫರ್ಡಿನಲ್ಲಿ ಹೊಸ ವಿಷಯವೊಂದನ್ನು ಕೈಗೆತ್ತಿಕೊಳ್ಳುವ ಬದಲು ಕೊಡಗಿನ ಸಾಮಗ್ರಿಯನ್ನೇ ಧರ್ಮ ಮತ್ತು ಸಮಾಜಗಳ ಸಂಬಂಧದ ದೃಷ್ಟಿಯಿಂದ ಮತ್ತೊಮ್ಮೆ ನೋಡುವಂತೆ ರ್‍ಯಾಡ್‌ಕ್ಲಿಫ್-ಬ್ರೌನ್ ಸೂಚಿಸಿದರು. ಆ ಸೂಚನೆಯ ಲಾಭವನ್ನು ಅಲ್ಲಗಳೆಯಲಾಗದು. ಚದುರಿದ ಆಚರಣೆಗಳೆಲ್ಲ ಒಂದು ನುಡಿಗಟ್ಟಿನ ಅಂಗಗಳಾಗಿ ಕಾಣತೊಡಗಿದವು. ಮದುವೆಯಲ್ಲಿಯೂ ಗೃಹನಿರ್ಮಾಣದಲ್ಲಿಯೂ ಬರುವ ‘ಮಂಗಲ’ ಒಂದೇ ವಿಧಿಯ ರೂಪಾಂತರಗಳೆಂಬುದು ಸ್ಪಷ್ಟವಾಯಿತು. ಒಕ್ಕ, ಊರು, ನಾಡು ಎಂಬ ವರ್ತುಲಗಳಲ್ಲಿ ಪೂಜೆಯು ಹೇಗೆ ಹಬ್ಬುತ್ತದೆ, ಸ್ಥಳೀಯ ದೈವಗಳು ಅಖಿಲ ಭಾರತೀಯ ಹಿಂದೂ ಧರ್ಮದೊಡನೆ ಹೇಗೆ ಕೂಡಿಕೊಳ್ಳುತ್ತವೆ ಎಂಬುದನ್ನು ತೋರಿಸಿದ ಅಧ್ಯಾಯಗಳು ಇಂದಿಗೂ ಹಳತಾಗಿಲ್ಲ. ‘ಸಂಸ್ಕೃತೀಕರಣ’ದ ಪರಿಕಲ್ಪನೆ ಹುಟ್ಟಿದ್ದೂ ಇಲ್ಲಿಯೇ. (ಕನ್ನಡದಲ್ಲಿ ಈ ಪದ ‘ಸಂಸ್ಕೃತ’ದ ಜೊತೆಗೆ ‘ಸಂಸ್ಕೃತಿ’ಯನ್ನೂ ಧ್ವನಿಸುವುದರಿಂದ, ಮೇಲ್ಜಾತಿಯ ಅನುಕರಣೆಯೇ ಸುಸಂಸ್ಕೃತರಾಗುವ ದಾರಿಯೆಂಬ ಅಪಾರ್ಥಕ್ಕೆ ಎಡೆಯಾಗಿದೆ.)

ಆದರೆ ಈ ಗ್ರಂಥವನ್ನು ಇಂದಿನ ಸಂಶೋಧಕ ವಿದ್ಯಾರ್ಥಿಗಳು ಮಾದರಿಯಾಗಿ ಓದುತ್ತಾರಾದ್ದರಿಂದ, ಅದರ ಪರಿಭಾಷೆಯನ್ನು ಸ್ವಲ್ಪ ನಿಂತು ಪರೀಕ್ಷಿಸುವುದು ಅಗತ್ಯ. ‘ಮಡಿ’ ಮತ್ತು ‘ಪೊಲೆ’ ಎಂಬ ಜೋಡಿಯನ್ನೇ ತೆಗೆದುಕೊಳ್ಳೋಣ. ಗ್ರಂಥದ ಕೇಂದ್ರದಲ್ಲಿರುವುದು ಈ ಜೋಡಿಯೇ. ಶ್ರೀನಿವಾಸರು ಅವೆರಡನ್ನೂ ಪವಿತ್ರದ ಎರಡು ಮುಖಗಳೆಂದು, ಒಂದು ಶುಭಪವಿತ್ರ, ಇನ್ನೊಂದು ಅಶುಭಪವಿತ್ರ ಎಂದು ವಿವರಿಸುತ್ತಾರೆ. ಈ ವಿಭಜನೆಯನ್ನು ಮುಂದೆ ವೀಣಾ ದಾಸ್ ತಮ್ಮ 1977ರ ಗ್ರಂಥದಲ್ಲಿ ಮರುವಿಮರ್ಶೆಗೆ ಒಳಪಡಿಸಿದರು. ಆ ಚರ್ಚೆ ಸುಪರಿಚಿತ. ನಮ್ಮ ಆಕ್ಷೇಪ ಬೇರೆ ಬಗೆಯದು. ಹಳಗನ್ನಡದ ‘ಪೊಲೆ’ಯೇ ನಡುಗನ್ನಡದಲ್ಲಿ ‘ಹೊಲೆ’ಯಾಯಿತು ಎಂಬುದನ್ನು ಬಲ್ಲ ಓದುಗನ ಕಿವಿಗೆ ಈ ಶಬ್ದ ಕೇವಲ ಸೂತಕದ ಸ್ಥಿತಿಯನ್ನು ಸೂಚಿಸುವುದಿಲ್ಲ. ಅದರ ಬೆನ್ನಿಗೇ ಒಂದು ಜಾತಿಯ ಹೆಸರು ಬಂದು ನಿಲ್ಲುತ್ತದೆ. ಆ ಹೆಸರು ‘ಹೊಲೆ’ಯಿಂದ ಬಂದಿತೇ ‘ಹೊಲ’ದಿಂದ ಬಂದಿತೇ ಎಂಬುದು ಕನ್ನಡದಲ್ಲಿ ಇತ್ಯರ್ಥವಾಗದೆ ಉಳಿದಿರುವ ವಾದ; ಭೂಮಿಯ ಮಕ್ಕಳೆಂಬ ಅರ್ಥಕ್ಕೂ ಮೈಲಿಗೆಯವರೆಂಬ ಅರ್ಥಕ್ಕೂ ನಡುವಿನ ಅಂತರ ಬರಿಯ ನಿಷ್ಪತ್ತಿಶಾಸ್ತ್ರದ ಅಂತರವಲ್ಲ. ಪುಸ್ತಕವು ಜಾತಿಗಳ ನಡುವಣ ಮಡಿ-ಮೈಲಿಗೆಯ ಅಂತರವನ್ನು ಮರೆತಿದೆಯೆಂದು ನಾವು ಹೇಳುತ್ತಿಲ್ಲ. ಸಾವಿನ ಮನೆಯಲ್ಲಿ ಕೆಲವು ದಿನ ಇದ್ದು ಹೋಗುವ ಪೊಲೆಗೂ ಹುಟ್ಟಿನಿಂದಲೇ ಅಂಟಿಸಲಾದ ಪೊಲೆಗೂ ಇಂಗ್ಲಿಷಿನ ಒಂದೇ ಪದ ಸಾಲದು, ಮೂಲದ ಒಂದೇ ಪದ ಎರಡನ್ನೂ ಹೊತ್ತುಕೊಂಡಿರುವುದೇ ವಿಚಾರಾರ್ಹ, ಎಂದಷ್ಟೇ ಹೇಳುತ್ತಿದ್ದೇವೆ.

‘ಒಕ್ಕ’ದ ವಿಷಯವೂ ಹೀಗೆಯೇ. ಪಿತೃಮೂಲದ ಅವಿಭಕ್ತ ಕುಟುಂಬವೆಂಬ ಅರ್ಥದಲ್ಲಿ ಲೇಖಕರು ಅದನ್ನು ಅನುವಾದಿಸದೆ ಉಳಿಸಿಕೊಂಡದ್ದು ವಿವೇಕದ ಕೆಲಸ. ಆದರೆ ಅನುವಾದಿಸದೆ ಉಳಿಸಿಕೊಂಡ ಪದ ತನ್ನ ನಂಟರನ್ನು ಕಳೆದುಕೊಳ್ಳುತ್ತದೆ. ಕನ್ನಡದ ‘ಒಕ್ಕಲು’ ವಾಸ, ಮನೆತನ, ಗೇಣಿ, ಬೇಸಾಯ ಇವೆಲ್ಲವನ್ನೂ ಹೇಳುತ್ತದೆ. ತಮಿಳಿನ ‘ಒಕ್ಕಲ್’ ಬಂಧುಬಳಗವನ್ನು ಹೇಳುತ್ತದೆ. ಈ ಮೂರನ್ನೂ ಒಂದೆಡೆ ಇಟ್ಟು ನೋಡಿದರೆ ಬಂಧುತ್ವ ಮತ್ತು ಭೂಮಿ ಎರಡು ಅಧ್ಯಾಯಗಳಾಗಿ ಬೇರ್ಪಡುವುದು ಕಷ್ಟ. ಬರ್ರೋ ಮತ್ತು ಎಮನೋ ಅವರ ದ್ರಾವಿಡ ನಿಷ್ಪತ್ತಿಕೋಶ 1961ರಲ್ಲಿ ಬಂದಿತಾದ್ದರಿಂದ ಶ್ರೀನಿವಾಸರನ್ನು ಇದಕ್ಕಾಗಿ ದೂಷಿಸುವುದು ಅನ್ಯಾಯ. ಕೋಶ ಬಂದ ನಂತರವೂ ‘ಒಕ್ಕ’ವನ್ನು ಓರೆ ಅಕ್ಷರದಲ್ಲಿ ಅಚ್ಚುಮಾಡಿ ಮುಂದೆ ಸಾಗುವವರ ಬಗೆಗೆ ಆ ಮಾತನ್ನು ಹೇಳಲಾರೆವು.

ಇಲ್ಲಿ ಕನ್ನಡಿಗರಾದ ನಮಗೂ ಒಂದು ಎಚ್ಚರಿಕೆ ಉಂಟು. ಹುಲಿಯನ್ನು ಕೊಂದ ವೀರನಿಗೆ ಕೊಡವರು ನಡೆಸುತ್ತಿದ್ದ ಗೌರವವಿಧಿಯ ಹೆಸರು ‘ನರಿಮಂಗಲ’. ಕನ್ನಡ ಬಲ್ಲೆನೆಂಬ ಧೈರ್ಯದಲ್ಲಿ ಓದುವವನು ಇಲ್ಲಿ ನರಿಯನ್ನು ಕಂಡು ನಗಬಹುದು. ಕೊಡವ ಭಾಷೆಯಲ್ಲಿ ‘ನರಿ’ ಎಂದರೆ ಹುಲಿ. ಕೊಡವತಕ್ಕನ್ನು ಕನ್ನಡದ ಒಂದು ಒರಸೆಯೆಂದು ಭಾವಿಸುವ ನಮ್ಮವರ ಅಭ್ಯಾಸ ಎಷ್ಟು ದುರ್ಬಲವಾದುದೆಂಬುದಕ್ಕೆ ಈ ಒಂದು ಪದ ಸಾಕು. ಮಾನವಶಾಸ್ತ್ರಜ್ಞನಿಗೆ ಭಾಷೆ ಸಾಲದೆಂದು ನಾವು ಆಕ್ಷೇಪಿಸುವಾಗ ನಮಗೆ ಇರುವ ಭಾಷೆ ಯಾವುದೆಂಬುದೂ ಖಚಿತವಾಗಿರಬೇಕು.

ಶಿಕ್ಷಣಕ್ರಮದ ಪ್ರಶ್ನೆ ಏಳುವುದು ಇಲ್ಲಿಯೇ. ಕರ್ನಾಟಕದ ಸಮುದಾಯವೊಂದನ್ನು ಕುರಿತು ದೆಹಲಿಯಲ್ಲಿಯೋ ಹೈದರಾಬಾದಿನಲ್ಲಿಯೋ ಮಹಾಪ್ರಬಂಧ ಬರೆಯುವ ವಿದ್ಯಾರ್ಥಿ ಕ್ಷೇತ್ರಕಾರ್ಯವನ್ನು ಒಂದು ಭಾಷೆಯಲ್ಲಿ ಮಾಡಿ, ಟಿಪ್ಪಣಿಗಳನ್ನು ಇನ್ನೊಂದರಲ್ಲಿ ಬರೆದು, ಆ ಸಮುದಾಯದ ನುಡಿಯನ್ನು ಅರಿಯದ ಮಾರ್ಗದರ್ಶಕರಿಗೂ ಪರೀಕ್ಷಕರಿಗೂ ಅದನ್ನು ಒಪ್ಪಿಸುವ ಸಂದರ್ಭ ಅಪರೂಪವಲ್ಲ. ಸಿದ್ಧಾಂತದ ಅಧ್ಯಾಯವನ್ನು ಸಾಲುಸಾಲಾಗಿ ಪರೀಕ್ಷಿಸುವ ವ್ಯವಸ್ಥೆಯಲ್ಲಿ, ಕೊನೆಯ ಪದಕೋಶವನ್ನು ಪರೀಕ್ಷಿಸುವವರು ಯಾರೂ ಇರುವುದಿಲ್ಲ. ಒಂದು ಪದಕ್ಕೆ ಎದುರಾಗಿ ಒಂದು ಇಂಗ್ಲಿಷ್ ಪದ ನಿಲ್ಲುತ್ತದೆ. ವಕ್ತೃವು ಆ ಪದವನ್ನು ಯಾವ ಸಂದರ್ಭದಲ್ಲಿ, ಯಾರೆದುರು, ಯಾರ ಬಗೆಗೆ ಆಡಿದನೆಂಬುದು ಅಲ್ಲಿಗೆ ಮರೆಯಾಗುತ್ತದೆ. ಸಮಾಜಶಾಸ್ತ್ರ ಮತ್ತು ಮಾನವಶಾಸ್ತ್ರ ವಿಭಾಗಗಳಲ್ಲಿ ಸಲ್ಲುವ ಇಂಥ ಪ್ರಬಂಧಗಳ ಪದಕೋಶವನ್ನು ಅದೇ ವಿಶ್ವವಿದ್ಯಾಲಯದ ಕನ್ನಡ ಪೀಠವೋ ವಿಭಾಗವೋ ಸಲ್ಲಿಕೆಗೆ ಮುನ್ನ ಓದುವ ಪದ್ಧತಿ ಬಂದರೆ ಖರ್ಚೇನೂ ತಗಲದು. ತುಳು, ಕೊಡವ, ಬ್ಯಾರಿ ಮುಂತಾದ ಭಾಷೆಗಳ ವಿಷಯದಲ್ಲಿ ಆಯಾ ಭಾಷಿಕರನ್ನೇ ಕರೆಯಬೇಕಾದೀತು.

ಕೊಡಗಿನ ಮಟ್ಟಿಗೆ ಈ ಕೆಲಸಕ್ಕೆ ಆಧಾರವೂ ಇದೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನೂ ನಡಾವಳಿಗಳನ್ನೂ ಸಂಗ್ರಹಿಸಿ ಕನ್ನಡ ಲಿಪಿಯಲ್ಲಿ 1924ರಲ್ಲಿಯೇ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದ್ದರು, ಶ್ರೀನಿವಾಸರು ಅದನ್ನು ಬಳಸಿಕೊಂಡಿದ್ದಾರೆ. ಆದರೆ ಹಾಡು ಅವರಲ್ಲಿ ಬಹುಮಟ್ಟಿಗೆ ವಿಧಿಗೆ ಸಾಕ್ಷಿಯಾಗಿ ಬರುತ್ತದೆ. ಒಕ್ಕದ ಐಕ್ಯವನ್ನು ಹಾಡು ತಾನೇ ಹೇಗೆ ಕಲ್ಪಿಸಿಕೊಳ್ಳುತ್ತದೆ, ಎಲ್ಲಿ ಆ ಐಕ್ಯವನ್ನು ಸಂಶಯಿಸುತ್ತದೆ ಎಂಬ ಪ್ರಶ್ನೆಗೆ ರಾಚನಿಕ-ಕಾರ್ಯಾತ್ಮಕ ಚೌಕಟ್ಟಿನಲ್ಲಿ ಸ್ಥಳವಿರಲಿಲ್ಲ. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳ ಇಂಗ್ಲಿಷ್ ಅನುವಾದ 2003ರಲ್ಲಿ ಬಂದಿರುವುದರಿಂದ, ಒಕ್ಕದ ಆರಾಧನೆಯನ್ನು ಕುರಿತ ಅಧ್ಯಾಯವನ್ನು ಒಂದು ಬದಿಗೂ ಮೂಲದ ಹಾಡುಗಳನ್ನು ಇನ್ನೊಂದು ಬದಿಗೂ ಇಟ್ಟುಕೊಂಡು ಓದುವುದು ಹೊರನಾಡಿನ ವಿದ್ಯಾರ್ಥಿಗೂ ಈಗ ಸಾಧ್ಯವಿದೆ. ಎಂ.ಫಿಲ್. ಹಂತದ ಅಧ್ಯಯನಗಳನ್ನು ಹಲವು ವಿಶ್ವವಿದ್ಯಾಲಯಗಳು ಕೈಬಿಟ್ಟಿರುವ ಇಂದು ಇದನ್ನು ಪಿಎಚ್.ಡಿ.ಯ ಒಂದು ಅಧ್ಯಾಯವಾಗಿ ಕೈಗೆತ್ತಿಕೊಳ್ಳಬೇಕಾದೀತು. ಆರಂಭಕ್ಕೆ ‘ಪೊಲೆ’ ಎಂಬ ಒಂದು ಪದವನ್ನೇ ಹಾಡುಗಳುದ್ದಕ್ಕೂ ಹುಡುಕಿ, ಅದು ಯಾರ ಬಾಯಲ್ಲಿ ಯಾರನ್ನು ಕುರಿತು ಬರುತ್ತದೆಂದು ಪಟ್ಟಿಮಾಡಬಹುದು.