ಕೀವಿನ ಮೂಲ ಯಾವುದು?

ಒಸಡಿನ ಮೇಲೆ ಕೀವುಗುಳ್ಳೆ ಎದ್ದರೆ ರೋಗದ ಮೂಲ ಒಸಡಿನಲ್ಲೇ ಇರಬೇಕೆಂದಿಲ್ಲ. ಹುಳುಕು ಹಲ್ಲಿನ ತಿರುಳನ್ನು ಮುಟ್ಟಿ, ತಿರುಳು ಸತ್ತು, ಸೋಂಕು ಬೇರಿನ ತುದಿಯ ರಂಧ್ರದಿಂದ ಹೊರಬಿದ್ದು, ಬೇರಿನ ಮಗ್ಗುಲಿನಿಂದಲೇ ಒಸಡಿನ ಅಂಚಿಗೆ ಬಂದು ಒಸರಬಹುದು. ಇದಕ್ಕೆ ವಿರುದ್ಧವಾದ ದಾರಿಯೂ ಉಂಟು: ಒಸಡುರೋಗ ಮೂಳೆಯನ್ನು ಕರಗಿಸುತ್ತ ಬೇರಿನ ತುದಿಯವರೆಗೆ ಹೋದರೆ, ಹುಳುಕೇ ಇಲ್ಲದ ಹಲ್ಲಿನ ತಿರುಳೂ ಸಾಯಬಹುದು. ಬೇರಿನ ಪಕ್ಕದ ಕಿರುನಾಳಗಳೂ ಸೋಂಕಿಗೆ ದಾರಿಯಾಗುತ್ತವೆ.

ಈ ಗೋಜಲನ್ನು ಬಿಡಿಸಲು ದಂತವೈದ್ಯರು ಬಹುಕಾಲ ನೆಚ್ಚಿದ್ದು 1972ರಲ್ಲಿ ಸೈಮನ್, ಗ್ಲಿಕ್ ಮತ್ತು ಫ್ರಾಂಕ್ ಮಾಡಿದ ವರ್ಗೀಕರಣವನ್ನು. ರೋಗ ಮೊದಲು ತಿರುಳಿನಲ್ಲಿ ಹುಟ್ಟಿತೋ ಒಸಡಿನಲ್ಲೋ ಎಂಬುದೇ ಅದರ ಆಧಾರ. ಅದರ ಗುಣವೂ ಅಲ್ಲೇ ಇದೆ. ಮೂಲ ತಿರುಳಿನದಾದರೆ ಬೇರುನಾಳ ಚಿಕಿತ್ಸೆಯೊಂದರಿಂದಲೇ ಹಲ್ಲಿಗೂ ಒಸಡಿಗೂ ನಡುವಿನ ಆಳವಾದ ಸಂದು ಮುಚ್ಚಿಕೊಳ್ಳಬಹುದು. ಒಸಡಿನದಾದರೆ ಅಷ್ಟು ಸುಲಭವಲ್ಲ. ಕೊರತೆಯೆಂದರೆ, ರೋಗಿ ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಎರಡೂ ಬೆರೆತು ಹೋಗಿರುತ್ತವೆ. ಯಾವುದು ಮೊದಲು ಬಂತೆಂದು ಹೇಳುವುದು ಎಷ್ಟೋ ಸಲ ಊಹೆಯಾಗುತ್ತದೆ.

2017ರಲ್ಲಿ ಷಿಕಾಗೋದಲ್ಲಿ ಸೇರಿದ ತಜ್ಞರು ರೂಪಿಸಿ 2018ರಲ್ಲಿ ಪ್ರಕಟವಾದ ಹೊಸ ವರ್ಗೀಕರಣ ಈ ಚರಿತ್ರೆಯನ್ನು ಬದಿಗಿಟ್ಟಿತು. ಅದು ಕೇಳುವುದು ಇವನ್ನು: ಬೇರು ಸೀಳಿದೆಯೇ, ತೂತಾಗಿದೆಯೇ? ರೋಗಿಗೆ ಒಸಡುರೋಗ ಇದೆಯೇ? ಆಳವಾದ ಸಂದು ಕಿರಿದೋ ಅಗಲವೋ, ಹಲ್ಲಿನ ಎಷ್ಟು ಬದಿಗಳಲ್ಲಿದೆ? ಇವೆಲ್ಲ ಇಂದು ಪರೀಕ್ಷಿಸಿ ನೋಡಬಹುದಾದ ಸಂಗತಿಗಳು. ಹಲ್ಲು ಉಳಿದೀತೇ ಎಂದು ತೂಗಲು ಇದೇ ಮೇಲು. ಆದರೆ ಚಿಕಿತ್ಸೆಯ ಮೊದಲ ಹೆಜ್ಜೆ ನಿರ್ಧರಿಸುವಾಗ ಹಳೆಯ ಪ್ರಶ್ನೆಯನ್ನು ಮರೆಯಬಾರದೆಂಬುದು ನನ್ನ ದೃಢ ನಿಲುವು.

ಏಕೆಂದರೆ ತಪ್ಪು ಹೆಜ್ಜೆಗೆ ಬೆಲೆ ತೆರುವುದು ಹಲ್ಲು. ಸತ್ತ ತಿರುಳಿನ ಸೋಂಕನ್ನು ಒಸಡುರೋಗವೆಂದು ಬಗೆದು ಬೇರನ್ನು ಆಳವಾಗಿ ಕೆರೆದರೆ, ಮತ್ತೆ ಅಂಟಿಕೊಳ್ಳಬಲ್ಲ ಜೀವಂತ ಎಳೆಗಳೂ ಕಿತ್ತುಹೋಗುತ್ತವೆ. ತಿರುಳು ಜೀವಂತವಾಗಿರುವಾಗ ಬರಿಯ ಒಸಡುರೋಗಕ್ಕೆ ಬೇರುನಾಳ ಚಿಕಿತ್ಸೆ ಮಾಡಿದರೆ ಒಳ್ಳೆಯ ತಿರುಳೊಂದು ವ್ಯರ್ಥವಾಗಿ ಹೋಗುತ್ತದೆ, ಒಸಡು ಹಾಗೇ ಉಳಿಯುತ್ತದೆ. ಆದ್ದರಿಂದ ತಿರುಳು ಸತ್ತಿದ್ದರೆ ಮೊದಲು ನಾಳವನ್ನು ಶುದ್ಧಮಾಡಿ, ಎರಡು ಮೂರು ತಿಂಗಳು ಕಾದು, ಸಂದನ್ನು ಮತ್ತೆ ಅಳೆದು, ಬಳಿಕವೇ ಒಸಡಿನ ಆಳದ ಚಿಕಿತ್ಸೆಗೆ ಕೈಹಾಕುವ ಕ್ರಮ ನನಗೆ ಅತ್ಯಂತ ವಿವೇಕದ್ದೆನಿಸುತ್ತದೆ.

ಎಕ್ಸ್‌ರೇ ಕರಗಿದ ಮೂಳೆಯನ್ನು ತೋರಿಸುತ್ತದೆ, ತಿರುಳಿನ ಜೀವವನ್ನಲ್ಲ. ತಿರುಳಿನ ಜೀವವನ್ನು ತಿಳಿಯಲು ತಣ್ಣಗಿನ ಹತ್ತಿಯನ್ನು ಆ ಹಲ್ಲಿಗೂ ಪಕ್ಕದ ಹಲ್ಲುಗಳಿಗೂ ಮುಟ್ಟಿಸಿ ಹೋಲಿಸಬೇಕು. ಸಂದಿನ ಆಳವನ್ನು ಸುತ್ತಲೂ ಅಳೆಯಬೇಕು. ಕೆಲವೇ ನಿಮಿಷಗಳ ಕೆಲಸ. ಯಾವ ವರ್ಗೀಕರಣವನ್ನು ನೆಚ್ಚಿದರೂ, ಇಷ್ಟು ಮಾಡದೆ ಉಪಕರಣ ಎತ್ತುವುದು ಸರಿಯಲ್ಲ.